ನಾಲಿಗೆಯ ತೂಕ

“ನಿಮ್ಮ ಟಂಗ್ ವೇಟ್ ಎಷ್ಟು?” ಎಂದು ಟ್ರಕ್ಕಿಗೆ ಟ್ರೇಲರ್ ಸಿಕ್ಕಿಸುವ ಹಿಚ್ ಮಾರುವ ಅಂಗಡಿಯವನು ಕೇಳಿದಾಗ ರಘುರಾಮ ತಬ್ಬಿಬ್ಬಾದ. ಮೂವತ್ತು ವರ್ಷ ಹೋಟೆಲ್ ನಡೆಸಿದ ಮನುಷ್ಯ. ಅಕ್ಕಿ, ಉದ್ದು, ತುಪ್ಪ ಯಾವುದರ ತೂಕ ಕೇಳಿದರೂ ನಿದ್ದೆಗಣ್ಣಿನಲ್ಲಿ ಹೇಳಿಯಾನು. ನಾಲಿಗೆಯ ತೂಕವನ್ನು ಮಾತ್ರ ಅವನಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲ. ಟ್ರೇಲರಿನ ಮುಂದೆ ಚಾಚಿಕೊಂಡಿರುವ ಕಬ್ಬಿಣದ ಮೂತಿಗೆ ಇಲ್ಲಿಯವರು ನಾಲಿಗೆ ಅನ್ನುತ್ತಾರೆ. ಅದು ಟ್ರಕ್ಕಿನ ಕೊಂಡಿಯ ಮೇಲೆ ಹೇರುವ ಭಾರವೇ ಆ ತೂಕ.

“ಇದ್ದದ್ದರಲ್ಲಿ ದೊಡ್ಡದು ಕೊಟ್ಟುಬಿಡಿ” ಎಂದ ರಘುರಾಮ. ಅಂಗಡಿಯವನು ಒಪ್ಪಲಿಲ್ಲ. ಭಾರಕ್ಕಿಂತ ಹಿಚ್ ಬಿರುಸಾದರೆ ಗಾಡಿ ಕುಣಿಯುತ್ತದೆ, ಮೆದುವಾದರೆ ಅದರ ಸರಳುಗಳೇ ಸೋಲುತ್ತವೆ, ತೂಗಿಕೊಂಡು ಬನ್ನಿ ಎಂದು ಕಳಿಸಿದ. ಮಾರುವವನೇ ಮಾರಲೊಲ್ಲೆ ಅಂದರೆ ಇನ್ನೇನು ಮಾಡುವುದು? ರಘುರಾಮ ಬರಿಗೈಯಲ್ಲಿ ಬೆಲ್‌ರೋಸಿನ ಮನೆಗೆ ಬಂದ.

ಚಂದ್ರಾವತಿ ಬೀನ್ಸ್ ಮುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. “ನಿಮ್ಮ ನಾಲಿಗೆ ತೂಕ ನಾನೇ ಹೇಳ್ತಿದ್ದೆ. ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?” ಎಂದಳು.

ಗಂಡನಿಗೆ ಕೋಪ ಬರಲಿಲ್ಲ. ಆ ಟ್ರೇಲರಿನ ವಿಷಯದಲ್ಲಿ ಅವಳು ಇಷ್ಟಾದರೂ ಬಾಯಿ ಬಿಟ್ಟು ಏಳು ತಿಂಗಳಾಗಿತ್ತು.

ಏಳು ತಿಂಗಳ ಹಿಂದೆ, ನವೆಂಬರಿನಲ್ಲಿ, ಗಂಡಹೆಂಡತಿ ನ್ಯೂಜೆರ್ಸಿಯಲ್ಲಿ ದೀಪಾವಳಿ ಮೇಳದಲ್ಲಿ ಟ್ರೇಲರಿನಿಂದ ದೋಸೆ ಮಾರಿ ಬರುತ್ತಿದ್ದರು. ಹೈವೇಯ ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಸೊಂಯ್ಯನೆ ಹಾದುಹೋಯಿತು. ಅಷ್ಟೇ ಸಾಕಾಯಿತು, ಹಿಂದಿನ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಅದು ಟ್ರಕ್ಕಿನ ಬೆನ್ನನ್ನೂ ಹಿಡಿದು ಎಳೆದಾಡಿತು. ರಘುರಾಮ ಹೇಗೋ ಗಾಡಿಯನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದ. ಯಾರಿಗೂ ಪೆಟ್ಟಾಗಲಿಲ್ಲ, ಗಾಡಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ಗಾಡಿ ನಿಂತ ಕ್ಷಣ ಅವನು ಮಾಡಿದ ಕೆಲಸವೊಂದಿತ್ತು. ಬಾಗಿಲು ತೆರೆದವನೇ ಹಿಂದಕ್ಕೆ ಓಡಿದ, ಗ್ರೈಂಡರ್ ಒಡೆದಿದೆಯೋ ಏನೋ ಎಂದು ನೋಡಲು.

ಊರಿನಿಂದ ಹಡಗಿನಲ್ಲಿ ತರಿಸಿದ ಕಲ್ಲಿನ ಗ್ರೈಂಡರ್ ಅದು, ಮುನ್ನೂರ ಅರವತ್ತು ಪೌಂಡಿನದು. ಅದಕ್ಕೇನೂ ಆಗಿರಲಿಲ್ಲ. ಅದನ್ನು ಹೇಳಲು ನಗುತ್ತಾ ಮುಂದೆ ಬಂದರೆ ಚಂದ್ರಾವತಿ ಸೀಟಿನಲ್ಲಿರಲಿಲ್ಲ. ರಸ್ತೆಯಂಚಿನ ಕಬ್ಬಿಣದ ತಡೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. “ಇನ್ನು ನಾನು ಆ ಗಾಡಿ ಹತ್ತುದಿಲ್ಲ” ಎಂದಳು, ಅಷ್ಟೇ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ.

ಈಗ ಜೂನ್ ಬಂದಿತ್ತು. ಭಾನುವಾರ ನ್ಯೂಜೆರ್ಸಿಯಲ್ಲಿ ಕನ್ನಡ ಸಂಘದ ಪಿಕ್ನಿಕ್, ಮುನ್ನೂರು ಜನಕ್ಕೆ ನೀರುದೋಸೆ. ಚಂದ್ರಾವತಿ ಬರುವುದಿಲ್ಲ ಅಂದಿರಲಿಲ್ಲ. ರೈಲಿನಲ್ಲಿ ಮ್ಯಾನ್‌ಹಟನ್‌ಗೆ ಹೋಗಿ, ಅಲ್ಲಿ ಬದಲಿಸಿ ಹ್ಯಾರಿಸನ್‌ನಲ್ಲಿ ಇಳಿದು, ಅಲ್ಲಿಯ ಪರಿಚಯದ ಹುಡುಗ ಸೂರಜನ ಕಾರಿನಲ್ಲಿ ಬರುತ್ತೇನೆ ಎಂದಿದ್ದಳು. ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ. ದೋಸೆ ಹೇಗೂ ಆಗುತ್ತಿತ್ತು. ಆದರೆ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಟ್ರಕ್ ಓಡಿಸುವುದು ರಘುರಾಮನಿಂದ ಆಗುತ್ತಿರಲಿಲ್ಲ. ಏಳು ತಿಂಗಳು ಓಡಿಸಿ ನೋಡಿದ್ದ, ಸಾಕುಸಾಕಾಗಿತ್ತು. ಹಿಚ್ ಅಂಗಡಿಗೆ ಹೋದದ್ದು ಅದಕ್ಕೇ.

ಪಿಕ್ನಿಕ್ಕಿಗೆ ಇನ್ನೂ ಒಂಬತ್ತು ದಿನವಿದ್ದಾಗ ಸೂರಜ್ ಬಂದ. ಮಂಗಳೂರಿನ ಹುಡುಗ, ಹ್ಯಾರಿಸನ್‌ನಲ್ಲಿ ಮನೆ, ಎಂಜಿನಿಯರ್. ವರ್ಷಗಳಿಂದ ಕ್ಯಾಂಪಿಂಗ್ ಟ್ರೇಲರ್ ಎಳೆದು ಪಳಗಿದವನು.

“ಅಂಕಲ್, ಫಸ್ಟ್ ತೂಕ ನೋಡುವ. ಹೋಟೆಲಿನ ಅಕ್ಕಿ ತೂಗುವ ಸ್ಕೇಲ್ ಉಂಟಲ್ಲ?”

“ಅದು ಮುನ್ನೂರು ಪೌಂಡಿನವರೆಗೆ ಮಾತ್ರ ಮಾರಾಯ.”

“ಸಾಕು. ಹಲಗೆಯ ಒಂದು ತುದಿ ಸ್ಕೇಲ್ ಮೇಲೆ, ಇನ್ನೊಂದು ಇಟ್ಟಿಗೆ ಮೇಲೆ ಇಡುವ. ನಾಲಿಗೆ ಇಟ್ಟಿಗೆಯಿಂದ ಒಂದಡಿ, ಸ್ಕೇಲಿನಿಂದ ಎರಡಡಿ ದೂರ ಬಂದ್ರೆ, ಸ್ಕೇಲ್ ತೋರಿಸಿದ್ದಕ್ಕೆ ಮೂರು ಪಟ್ಟು.”

ಮೇಳಕ್ಕೆ ಹೋಗುವ ಹಾಗೆಯೇ ಟ್ರೇಲರಿಗೆ ಎಲ್ಲ ಸಾಮಾನು ತುಂಬಿ ನಾಲಿಗೆಯನ್ನು ಹಲಗೆಯ ಮೇಲೆ ಇಳಿಸಿದರು. ಸ್ಕೇಲ್ ಎಪ್ಪತ್ತು ತೋರಿಸಿತು, ಅಂದರೆ ಇನ್ನೂರ ಹತ್ತು. ಟ್ರೇಲರಿನ ಒಟ್ಟು ತೂಕ ಐದು ಸಾವಿರ.

“ಇದು ಏನೇನೂ ಸಾಲುದಿಲ್ಲ ಅಂಕಲ್. ಹತ್ತರಲ್ಲಿ ಒಂದು ಪಾಲಾದ್ರೂ ಮುಂದೆ ಬೀಳ್ಬೇಕು, ಐನೂರು. ಮುಂದೆ ಹಗುರ, ಹಿಂದೆ ಭಾರ ಆದ್ರೆ ಬಾಲ ಬೀಸ್ತದೆ. ಅವತ್ತು ಆದದ್ದು ಅದೇ. ಎಂತ ಹಿಚ್ ಹಾಕಿದ್ರೂ ಇದು ಸರಿಯಾಗುದಿಲ್ಲ.”

ರಘುರಾಮ ಟ್ರೇಲರಿನ ಒಳಹೊಕ್ಕು ನೋಡಿದ. ಅವನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಮುಂದಿನ ಗೋಡೆಗೆ ಗಣಪತಿಯ ಫೋಟೋ, ಅದರ ಕೆಳಗೆ ಗಲ್ಲಾಪೆಟ್ಟಿಗೆ, ನಡುವೆ ಕಾವಲಿ, ಕಟ್ಟಕಡೆಗೆ ಗ್ರೈಂಡರ್, ಹಿಟ್ಟಿನ ಪಾತ್ರೆ, ನೀರಿನ ಟ್ಯಾಂಕು. ಅವನ ಅಪ್ಪನ ಹೋಟೆಲ್ ಹೀಗಿತ್ತು, ಹಿಲ್‌ಸೈಡ್ ಅವೆನ್ಯೂನ ಅವನ ಹೋಟೆಲೂ ಹೀಗೇ ಇದೆ. ಉಡುಪಿ ಕಡೆಯವನು ಚಂದ್ರಲೋಕದಲ್ಲಿ ಹೋಟೆಲ್ ಹಾಕಿದರೂ ದೇವರು ಎದುರಿಗೆ, ರುಬ್ಬುವ ಕಲ್ಲು ಹಿಂದಕ್ಕೆ. ಆ ಹೋಟೆಲಿಗೆ ಚಕ್ರ ಇದ್ದರೆ ಏನಾಗುತ್ತದೆ ಎಂದು ಅವನ ಅಪ್ಪನೂ ಯೋಚಿಸಿರಲಿಲ್ಲ, ಅವನೂ ಯೋಚಿಸಿರಲಿಲ್ಲ.

“ಗ್ರೈಂಡರ್ ಮುಂದೆ ತರ್ಬೇಕು” ಎಂದ ಸೂರಜ್.

“ದೇವರ ಬುಡದಲ್ಲಿ ಹಿಟ್ಟು ಹಾರಿಸ್ಲಿಕ್ಕಾ? ಅದಾಗುದಿಲ್ಲ.”

ಚಂದ್ರಾವತಿ ಇಷ್ಟು ಹೊತ್ತೂ ಅಡುಗೆಮನೆಯ ಮೆಟ್ಟಿಲ ಮೇಲೇ ನಿಂತಿದ್ದಳು. ಟ್ರೇಲರಿನಿಂದ ಹತ್ತಡಿ ದೂರ. ಏಳು ತಿಂಗಳಿಂದ ಆ ಗೆರೆ ದಾಟಿರಲಿಲ್ಲ. ಅಲ್ಲಿಂದಲೇ ಕೇಳಿದಳು, “ಗಣಪತಿ ಫೋಟೋ ಎಷ್ಟು ತೂಕ ಉಂಟು?”

“ಅರ್ಧ ಪೌಂಡು” ಎಂದ ರಘುರಾಮ.

“ಹಾಗಾದ್ರೆ ಅವನೇ ಹಿಂದೆ ಹೋಗ್ಲಿ. ಅವನಿಗೆ ನಿಮ್ಮ ಹಾಗೆ ಹಟ ಇಲ್ಲ.”

ಸೂರಜ್ ಕೆಮ್ಮುವ ನೆಪದಲ್ಲಿ ಆಚೆ ತಿರುಗಿದ. ರಘುರಾಮ ಸ್ವಲ್ಪ ಹೊತ್ತು ಗೊಣಗಿ, ಕೈಮುಗಿದು ಫೋಟೋ ಕಳಚಿದ. ಹೋಟೆಲಿನ ಇಬ್ಬರು ಆಳುಗಳನ್ನು ಕರೆಸಿ ಗ್ರೈಂಡರನ್ನು ಮುಂದಕ್ಕೆ ತಂದು ಬೋಲ್ಟ್ ಹಾಕಿಸಲು ಸಂಜೆಯಾಯಿತು. ಹಿಟ್ಟಿನ ಪಾತ್ರೆಗಳು ಮುಂದೆ ಬಂದವು, ಹಿಂದಿನ ಟ್ಯಾಂಕಿಗೆ ನೀರನ್ನು ಪಿಕ್ನಿಕ್ ಜಾಗದಲ್ಲಿಯೇ ತುಂಬುವುದೆಂದಾಯಿತು. ಮತ್ತೆ ತೂಗಿದಾಗ ನಾಲಿಗೆ ಐನೂರ ಎಂಬತ್ತೈದಕ್ಕೆ ಬಂದಿತ್ತು. ಮರುದಿನ ರಘುರಾಮ ಅಂಗಡಿಗೆ ಹೋಗಿ ಆ ಅಂಕಿಯನ್ನು ಮಂತ್ರದ ಹಾಗೆ ಒಪ್ಪಿಸಿ, ಅದಕ್ಕೆ ಒಪ್ಪುವ ಹಿಚ್ ತಂದ.

ಪಿಕ್ನಿಕ್ಕಿನ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಅದನ್ನು ಕೂರಿಸುವ ಕೆಲಸ. ಟ್ರೇಲರ್ ಸಿಕ್ಕಿಸದ ಬರಿಯ ಟ್ರಕ್ಕಿನ ಮುಂದಿನ ಚಕ್ರದ ಕಮಾನಿನ ಎತ್ತರವನ್ನು ಮೊದಲು ಅಳೆಯಬೇಕು. ಟ್ರೇಲರ್ ಸಿಕ್ಕಿಸಿದಾಗ ಟ್ರಕ್ಕಿನ ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ. ಆಗ ಮುಂದಿನ ಚಕ್ರಕ್ಕೆ ನೆಲದ ಹಿಡಿತ ಕಡಿಮೆ. ಹಿಚ್ಚಿನ ಎರಡು ಉಕ್ಕಿನ ಸರಳುಗಳನ್ನು ಸರಪಳಿಯಿಂದ ಬಿಗಿದರೆ ಆ ಭಾರ ಮುಂದಕ್ಕೂ ಹಂಚಿಹೋಗಿ, ಎದ್ದ ಮೂತಿ ಕೆಳಗಿಳಿಯುತ್ತದೆ. ಸರಪಳಿಯ ಎಷ್ಟನೆಯ ಕೊಂಡಿಗೆ ಬಿಗಿದರೆ ಸರಿಹೋಗುತ್ತದೆಂದು ಅಳೆದಳೆದೇ ಗೊತ್ತುಮಾಡಬೇಕು.

“ನಾಳೆ ಹೋಗುವಾಗ ಹೇಗಿರ್ತದೋ ಹಾಗೇ ಇಟ್ಟು ಅಳೆಯಬೇಕು ಅಂಕಲ್. ಟ್ರಕ್ಕಿನ ಪೆಟ್ರೋಲ್ ಟ್ಯಾಂಕ್ ಫುಲ್, ಸೀಟಿನಲ್ಲಿ ಜನ” ಎಂದ ಸೂರಜ್.

ರಘುರಾಮ ಒಳಗೆ ಹೋದ. ನಲವತ್ತು ಪೌಂಡಿನ ಮೂರು ಅಕ್ಕಿ ಮೂಟೆ, ಇಪ್ಪತ್ತರದ್ದೊಂದು ಹೊತ್ತು ತಂದ. ಅವನ್ನು ಪಕ್ಕದ ಸೀಟಿನಲ್ಲಿ ಒಂದರ ಮೇಲೊಂದು ಕೂರಿಸಿ, ಜಾರದಂತೆ ಸೀಟ್ ಬೆಲ್ಟ್ ಹಾಕಿದ. ತಾನು ಸ್ಟೀರಿಂಗಿನ ಮುಂದೆ ಕೂತ. ಸೂರಜ್ ಟೇಪು ಹಿಡಿದು ಬಗ್ಗಿದ.

ಕಾಫಿ ತಂದ ಚಂದ್ರಾವತಿ ಮೆಟ್ಟಿಲ ಮೇಲೆ ನಿಂತಳು. ಕಿಟಕಿಯೊಳಗೆ ಮೂಟೆಗಳು ಕಂಡವು. ಲೋಟಗಳನ್ನು ಅಲ್ಲೇ ಇಟ್ಟು, ಇಳಿದು, ಆ ಹತ್ತಡಿ ದಾಟಿ ಬಂದು ಬಾಗಿಲು ತೆರೆದಳು.

“ಇದು ಯಾರು?”

“ನೀನು” ಎಂದ ರಘುರಾಮ. ಅವಳ ಮುಖ ನೋಡುವ ಧೈರ್ಯ ಸಾಲದೆ ಸ್ಟೀರಿಂಗನ್ನೇ ನೋಡುತ್ತಿದ್ದ.

“ನಾನು ರೈಲಲ್ಲಿ ಬರುದಲ್ಲವಾ?”

“ಗೊತ್ತುಂಟು. ಆದ್ರೂ ನೀನಿಲ್ಲದೆ ಅಳತೆ ತೆಗಿಲಿಕ್ಕೆ ಮನಸ್ಸು ಬರ್ಲಿಲ್ಲ. ಯಾವತ್ತಾದ್ರೂ ಬಂದು ಕೂತ್ರೆ ಗಾಡಿ ಸರಿ ಇರ್ಬೇಕಲ್ಲ.” ಸ್ಟೀರಿಂಗಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. “ಅವತ್ತು ನಾನು ನಿನ್ನ ನೋಡದೆ ಹಿಂದೆ ಓಡಿದೆ ಚಂದ್ರಾ. ತಪ್ಪಾಯ್ತು.”

ಏಳು ತಿಂಗಳು ನಾಲಿಗೆಯ ಮೇಲೆ ಕೂತಿದ್ದ ಮಾತು ಅದು. ಚಂದ್ರಾವತಿ ಮೂಟೆಗಳನ್ನೇ ನೋಡುತ್ತಾ ನಿಂತಳು.

“ಇದು ಎಷ್ಟು?”

“ನೂರ ನಲವತ್ತು.”

“ಅದು ಹಳೇ ಲೆಕ್ಕ. ಈಗ ನಾನು ನೂರ ಐವತ್ತೆರಡು.”

ಹನ್ನೆರಡು ಪೌಂಡಿಗೆಲ್ಲ ಏನೂ ವ್ಯತ್ಯಾಸವಾಗದು ಎಂದು ಹೇಳಲು ಸೂರಜ್ ಬಾಯಿ ತೆರೆದ. ರಘುರಾಮ ನೋಡಿದ ನೋಟಕ್ಕೆ ಹಾಗೆಯೇ ಮುಚ್ಚಿಕೊಂಡ. ಅವಳು ಬೆಲ್ಟ್ ಬಿಚ್ಚಿ ಮೂಟೆಗಳನ್ನು ಒಂದೊಂದಾಗಿ ಸೂರಜನ ಕೈಗಿತ್ತಳು. ಸೀಟಿನ ಮೇಲೆ ಉದುರಿದ್ದ ನಾಲ್ಕು ಅಕ್ಕಿಕಾಳನ್ನೂ ಒರೆಸಿ, ಹತ್ತಿ ಕೂತಳು.

“ಈಗ ಅಳೆ” ಎಂದಳು.

ಸೂರಜ್ ಮೂರು ಸಲ ಅಳೆದು, ಸರಪಳಿಯನ್ನು ಒಂದು ಕೊಂಡಿ ಬಿಗಿಮಾಡಿದ. ಮುಂಭಾಗ ಹಳೆಯ ಎತ್ತರಕ್ಕೆ ಹತ್ತಿರ ಬಂತು. ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಬೋಲ್ಟುಗಳನ್ನು ಮತ್ತೆ ಪರೀಕ್ಷಿಸಬೇಕು ಎಂದ. ರಘುರಾಮ ಹೆಂಡತಿಯ ಕಡೆ ನೋಡಿದ. ಅವಳು ಇಳಿಯಲಿಲ್ಲ, ಬೆಲ್ಟ್ ಹಾಕಿಕೊಂಡಳು.

ಹೈವೇಯಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಅವಳ ಕೈ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿಯಿತು. ಟ್ರೇಲರ್ ಒಮ್ಮೆ ಅಲುಗಿ ಸುಮ್ಮನಾಯಿತು. ಆರು ಮೈಲಿ ಹೋದ ಮೇಲೆ ರಘುರಾಮ ಒಂದು ಅಂಗಡಿಯ ಪಾರ್ಕಿಂಗ್ ಜಾಗಕ್ಕೆ ತಿರುಗಿಸಿ ನಿಲ್ಲಿಸಿದ. ಎಂಜಿನ್ ಆರಿಸಿದ. ಬಾಗಿಲು ತೆರೆಯಲಿಲ್ಲ. ಪಕ್ಕಕ್ಕೆ ತಿರುಗಿ ಕೂತು ಕೇಳಿದ:

“ನಿನಗೆ ಎಂತದೂ ಆಗ್ಲಿಲ್ಲ ಅಲ್ಲ?”

ಚಂದ್ರಾವತಿ ಹಿಡಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ನನಗೆಂತದೂ ಆಗ್ಲಿಲ್ಲ. ನೀವು ಹೋಗಿ ಗ್ರೈಂಡರ್ ನೋಡಿ ಬನ್ನಿ. ನಾನು ಇಲ್ಲೇ ಕೂತಿರ್ತೇನೆ.”