ತುಂಡಿನ ತುದಿ

ಥೀಸಿಸ್ಸಿನ ಕೊನೆಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ ಗುರುದೇವಿಯ ಕೈ ಮೌಸಿನ ಮೇಲೇ ನಿಂತಿತು. ಎರಡು ವರ್ಷದಿಂದ ತನ್ನ ಶೋಧವೆಂದು ಮೆರೆಸುತ್ತಿದ್ದ ಪೆಪ್ಟೈಡು, ಅಂದರೆ ಪ್ರೋಟೀನಿನ ಪುಟ್ಟ ತುಂಡು, ಸರಿಯಾಗಿ ಸಿಟ್ರುಲಿನ್ನಿಗೇ ಮುಗಿಯುತ್ತಿತ್ತು. ಅಲ್ಲಿ ಮುಗಿಯಬಾರದಿತ್ತು.

ಕೀಲುವಾತದವರ ಮಂಡಿಯ ನೀರಿನಲ್ಲಿ ಅರ್ಜಿನೀನ್ ಎಂಬ ಅಮೈನೊ ಆಮ್ಲ ಸಿಟ್ರುಲಿನ್ ಆಗಿ ಬದಲಾಗುತ್ತದೆ. ಆಗ ತುಂಡಿನ ತೂಕ ಕೂದಲೆಳೆಯಷ್ಟು ಹೆಚ್ಚುತ್ತದೆ. ತೂಕ ಅಳೆಯುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರು ಅದನ್ನು ಹಿಡಿಯುತ್ತದೆ. ಆದರೆ ಪ್ರೋಟೀನನ್ನು ತುಂಡರಿಸಲು ಹಾಕುವ ಟ್ರಿಪ್ಸಿನ್ ಅರ್ಜಿನೀನ್ ಇದ್ದಲ್ಲಿ ಕತ್ತರಿಸುತ್ತದೆಯೇ ಹೊರತು ಸಿಟ್ರುಲಿನ್ ಇದ್ದಲ್ಲಿ ಬಾಯೇ ಹಾಕುವುದಿಲ್ಲ. ಇಲ್ಲಿ ಕತ್ತರಿಸಿತ್ತು. ಅಂದಮೇಲೆ ಅದು ಬದಲಾಗಿಯೇ ಇಲ್ಲ. ಪಕ್ಕದ ಆಸ್ಪರಜಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಬಿಸಿಗೆ ತಾನಾಗಿ ಕೆಟ್ಟು ಅಷ್ಟೇ ತೂಕ ಏರಿಸಿಕೊಂಡಿದೆ, ಸಾಫ್ಟ್‌ವೇರು ತಪ್ಪು ಜಾಗಕ್ಕೆ ಗುರುತು ಹಾಕಿದೆ. ಎಂ.ಎಸ್ಸಿ. ಮಕ್ಕಳಿಗೆ ತಾನೇ ಹೇಳಿಕೊಟ್ಟ ಪಾಠ! ಎರಡು ವರ್ಷ ತೂಕ ನೋಡಿದಳು, ತುದಿ ನೋಡಲಿಲ್ಲ ಮಹಾತಾಯಿ.

ಅವಳು ತೋರಿಸಿದ ಚಿತ್ರ ನೋಡಿ ಗೈಡ್ ಮೋಹನ್ ಕುಮಾರ್ ಕನ್ನಡಕ ತೆಗೆದಿಟ್ಟರು. ಅವರಿಗೂ ಗೊತ್ತಾಯಿತೆಂದು ಅವಳಿಗೆ ಗೊತ್ತಾಯಿತು. ಪೇಪರು ಅಚ್ಚಾಗಿರುವುದನ್ನು, ಪರೀಕ್ಷಕರು ನೇಮಕವಾಗಿರುವುದನ್ನು, ತಾವು ಮುಂದಿನ ತಿಂಗಳು ನಿವೃತ್ತರಾಗುವುದನ್ನು ಒಂದೊಂದಾಗಿ ಹೇಳಿದರು.

"ಮತ್ತೊಮ್ಮೆ ಮಾಡೂಣ್ರಿ, ಸರ್."

"ಸ್ಯಾಂಪಲ್ ಎಲ್ಲಿದೆಯಮ್ಮಾ? ಎಲ್ಲಾ ಖಾಲಿ. ನಾಳೆ ಸೈನ್ ಮಾಡಿ ತಂದ್ಬಿಡು."

ಇದರಲ್ಲಿರುವುದೆಲ್ಲ ಸತ್ಯ ಎಂಬ ಘೋಷಣೆಯ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಉಲ್ಲಾಳದ ಲ್ಯಾಬಿನಿಂದ ಬಸವೇಶ್ವರನಗರದ ಬಾಡಿಗೆ ಮನೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದಳು. ಸಹಿ ಹಾಕಿದರೆ ಜೀವನವಿಡೀ ಆ ಸುಳ್ಳನ್ನು ಹೊರಬೇಕು. ಹಾಕದಿದ್ದರೆ ಪಿಎಚ್.ಡಿ.ಯ ಆರು ವರ್ಷ ಮಣ್ಣುಪಾಲು.

ಆ ಸ್ಯಾಂಪಲ್ಲು ಮನೆ ಓನರ್ ವಿಮಲಮ್ಮನ ಬಲಮಂಡಿಯದು. ಕ್ಲಿನಿಕ್ಕಿನಲ್ಲಿ ಸೂಜಿ ಇಳಿಯುವಾಗ ಆಕೆ ಗುರುದೇವಿಯ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಎರಡು ಬಳೆ ಒಡೆದಿದ್ದವು. ಆಮೇಲೆ ತಮ್ಮ ಕಾಯಿಲೆ ಪುಸ್ತಕದಲ್ಲಿ ಬರುತ್ತದೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಸೊಟ್ಟಗಾದ ಬೆರಳುಗಳಲ್ಲಿ ಕತ್ತರಿ ಹಿಡಿಯಲಾಗದ ವಿಮಲಮ್ಮ ಎಂದಿನಂತೆ ಹಾಲಿನ ಪ್ಯಾಕೆಟ್ಟನ್ನು ಅವಳು ಬಂದು ಕತ್ತರಿಸಿಕೊಡಲೆಂದು ಕಾದಿರಿಸಿದ್ದರು. ಯಾಕೆ ಮುಖ ಸಪ್ಪಗಿದೆ ಎಂದು ಕೇಳಿದ್ದೇ ತಡ, ಗುರುದೇವಿಗೆ ತಡೆಯಲಾಗಲಿಲ್ಲ.

"ತಪ್ಪಾಗೇತ್ರಿ, ಅಮ್ಮಾ. ನಿಮ್ಮ ಮಂಡಿ ನೀರಿನ್ಯಾಗ ನನಗ ಸಿಕ್ಕಿದ್ದು ಅದಲ್ಲ."

ವಿಮಲಮ್ಮ ಒಲೆಯ ಮೇಲಿನ ಖಾಲಿ ಪಾತ್ರೆಯನ್ನೇ ನೋಡುತ್ತಿದ್ದರು.

"ಹಂಗಾದ್ರೆ ಮತ್ತೆ ತೆಗೀಬೇಕಾ?"

ಬೇಡ ಎನ್ನಬೇಕೆಂದು ಗುರುದೇವಿ ಬಾಯಿ ತೆರೆದಳು. ಹೂಂ ಎನ್ನುವ ಆಸೆ ಅದಕ್ಕೂ ಮೊದಲೇ ಗಂಟಲಿಗೆ ಬಂದಿತ್ತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು. ಕತ್ತರಿಯನ್ನೂ ಹಾಲಿನ ಪ್ಯಾಕೆಟ್ಟನ್ನೂ ಕೈಗೆತ್ತಿಕೊಂಡಳು.

ವಿಮಲಮ್ಮ ಗೋಡೆ ಹಿಡಿದು ನಿಧಾನವಾಗಿ ಸ್ಟೂಲಿನ ಮೇಲೆ ಕೂತರು. ಸೀರೆಯನ್ನು ಮೇಲಕ್ಕೆ ಸರಿಸಿ, ಮಂಡಿ ಊದಿಕೊಂಡ ಎಡಗಾಲನ್ನು ಅವಳ ಮುಂದೆ ಚಾಚಿದರು.

"ಇದರಲ್ಲಿ ನೀರು ಇನ್ನೂ ಜಾಸ್ತಿ ಇದೆ ಕಣೇ."

ಗುರುದೇವಿ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಹಾಲಿನ ಪ್ಯಾಕೆಟ್ಟು ಹಿಡಿದು ನಿಂತೇ ಇದ್ದಳು.