ತೆಳು ಕೇಬಲ್

"ಈ ಕೇಬಲ್ ಯಾರು ಕಳಿಸಿದ್ದು?"

ಸಬ್‌ಸ್ಟೇಷನ್ನಿನ ಕರೆಂಟ್ ಲೈನಿನಿಂದ ನೆಲಕ್ಕೆ ಇಳಿಬಿಟ್ಟಿದ್ದ ತಾಮ್ರದ ಕೇಬಲ್ಲನ್ನು ಮೇಸ್ತ್ರಿ ಬೆರಳಲ್ಲಿ ಹಿಚುಕಿ ನೋಡಿದ. ಏಣಿಯ ಮೇಲೆ ಅವನ ತಮ್ಮ ಆಗಲೇ ಕೆಲಸ ಶುರು ಮಾಡಿದ್ದ.

"ಸ್ಟೋರಿಂದ ಬಂದಿದ್ದು. ನಿನ್ನ ಅಳಿಯನ್ನೇ ಕೇಳಣ್ಣ," ಎಂದ ತಮ್ಮ, ಕೆಳಗೆ ನೋಡದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿ ಬದುಕಿದವನು ಮೇಸ್ತ್ರಿ. ಮಗಳನ್ನು ಕೊಡುವ ಮೊದಲು ಅಳಿಯನ ಬಗ್ಗೆ ಹತ್ತು ಕಡೆ ವಿಚಾರಿಸಿದ್ದ. ಕೊಟ್ಟ ಮೇಲೂ ವಿಚಾರಿಸುವುದನ್ನು ಬಿಟ್ಟಿರಲಿಲ್ಲ. ಲೈನಿನಲ್ಲಿ ದೋಷವಾದರೆ ಕರೆಂಟ್ ಕಡಿಯುವ ಬ್ರೇಕರ್ ಎಷ್ಟು ಹೊತ್ತು ಕಾದು ಬೀಳಬೇಕು ಎಂದು ಹೊಂದಿಸುವುದು ಆ ಅಳಿಯನ ಕೆಲಸ. ಈಚೆಗೆ ಸುಮ್ಮಸುಮ್ಮನೆ ಕರೆಂಟ್ ಹೋಗುವುದು ನಿಂತಿತ್ತು. ಊರೆಲ್ಲ ಹೊಗಳಿದರೆ ಮೇಸ್ತ್ರಿಗೆ ಮಾತ್ರ ಬ್ರೇಕರ್ ಬೀಳುವುದನ್ನೇ ತಡ ಮಾಡಿದ್ದಾನೆಂದು ಅನುಮಾನ. ಕೆಲಸ ನಡೆಯುವಾಗ ಯಾರಾದರೂ ತಪ್ಪಿ ಲೈನಿಗೆ ಕರೆಂಟ್ ಬಿಟ್ಟರೆ ಅದೆಲ್ಲ ಈ ಕೇಬಲ್ಲಿನಲ್ಲೇ ನೆಲಕ್ಕಿಳಿಯಬೇಕು. ಬ್ರೇಕರ್ ಬೀಳುವುದು ತಡವಾದಷ್ಟೂ ಕೇಬಲ್ ದಪ್ಪವಿರಬೇಕು. ತೆಳುವಾದದ್ದು ಅಷ್ಟರೊಳಗೆ ಕರಗಿಹೋಗುತ್ತದೆ, ಮೇಲಿರುವವನು ಉಳಿಯುವುದಿಲ್ಲ.

ಅವನು ಕಂಟ್ರೋಲ್ ರೂಮಿನಿಂದ ಅಳಿಯನನ್ನು ಹೊರಗೆ ಕರೆದ.

"ಬ್ರೇಕರ್ ಬೀಳೋದನ್ನ ತಡ ಮಾಡಿದೀರಾ?"

"ಹೌದು ಮಾವ."

ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಮೇಸ್ತ್ರಿಯ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

"ಅದನ್ನ ತಡ ಮಾಡಿ, ಕೇಬಲ್ ಮಾತ್ರ ಹಳೇದೇ ಕಳಿಸಿದ್ರಾ? ಮೇಲಿರೋನು ನನ್ನ ತಮ್ಮ."

"ದಪ್ಪಂದು ಬಂದು ತಿಂಗಳಾಯ್ತಲ್ಲ ಮಾವ. ಚಿಕ್ಕಮಾವನೇ ಇಸ್ಕೊಂಡ್ರು. ನಿಮ್ಮ ಗಾಡೀಲೇ ಇರ್ಬೇಕು ನೋಡಿ."

ಮೇಸ್ತ್ರಿ ಗಾಡಿಯ ಹಿಂದಿನ ಟಾರ್ಪಾಲು ಸರಿಸಿದ. ಸುರುಳಿ ಇತ್ತು, ಕಟ್ಟು ಕೂಡ ಬಿಚ್ಚಿರಲಿಲ್ಲ. ಎತ್ತಿ ನೋಡಿದ, ಒಳ್ಳೇ ಭಾರ. ಇದನ್ನು ಕೋಲಿನ ತುದಿಗೆ ಸಿಕ್ಕಿಸಿ, ತಲೆಯ ಮೇಲೆತ್ತಿ ಲೈನಿಗೆ ಕಚ್ಚಿಸಬೇಕೆಂದರೆ ಎರಡು ಭುಜವೂ ಗಟ್ಟಿಯಿರಬೇಕು. ಭುಜ ಕೆಟ್ಟವರನ್ನು ಇಲ್ಲಿ ಏಣಿ ಹತ್ತಿಸುವುದಿಲ್ಲ, ಗೇಟಿನ ಬಳಿ ಕೂರಿಸುತ್ತಾರೆ. ಹಾಗೆ ಕೂರಿಸಿ ಎಂದು ಹೇಳಬೇಕಾದವನು ಮೇಸ್ತ್ರಿಯೇ. ಮನೆ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಇರುತ್ತದೆಯೇ? ಊರನ್ನೆಲ್ಲ ಅನುಮಾನಿಸಿದವನು ತಮ್ಮನೊಬ್ಬನನ್ನು ಬಿಟ್ಟಿದ್ದ. ಸುರುಳಿಯನ್ನು ಅಲ್ಲೇ ಬಿಟ್ಟು ಏಣಿಯ ಬಳಿಗೆ ಬಂದ.

"ಕೆಳಗಿಳಿಯೋ."

"ಇನ್ನೊಂದೇ ಬೋಲ್ಟ್ ಅಣ್ಣ."

"ಇಳಿ ಅಂದೆ. ದಪ್ಪಂದು ಗಾಡೀಲೇ ಇದೆ. ನೋಡ್ದೆ."

ಸ್ಪ್ಯಾನರಿನ ಸದ್ದು ನಿಂತಿತು.

"ಅಳಿಯ ಅಲ್ಲೇ ಇದಾನಾ?"

"ಇದಾರೆ."

"ಒಳಗೆ ಹೋಗೋಕೆ ಹೇಳಣ್ಣ."

ಹೇಳುವ ಮೊದಲೇ ಅಳಿಯ ಹೋದ. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ತಮ್ಮ ಇಳಿಯತೊಡಗಿದ. ಎಡಗೈಯಲ್ಲಿ ಒಂದು ಮೆಟ್ಟಿಲು ಹಿಡಿದು, ಅದನ್ನು ಬಿಟ್ಟು, ಕೆಳಗಿನದನ್ನು ಹಿಡಿಯುತ್ತಿದ್ದ. ಬಲಗೈ ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿತ್ತು. ಮೇಸ್ತ್ರಿ ಏಣಿಯ ಬುಡವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ನಿಂತ.