ರೇವಣಪ್ಪನ ಅಕ್ಕ

ಅಂಗಳದ ಹೊರಸಿನಿಂದ ಕಸ್ತೂರಬಾಯಿಯನ್ನು ಎತ್ತಿ ಮನೆಯೊಳಗೆ ತರುತ್ತಿದ್ದವರು ಹೊಸ್ತಿಲ ಮೇಲೆ ನಿಲ್ಲಬೇಕಾಯಿತು. ಹಿಂದಿನಿಂದ ರೇವಣಪ್ಪ ಅಕ್ಕನ ಕಾಲು ಹಿಡಿದು ಜಗ್ಗುತ್ತಿದ್ದ.

"ಒಳಗ ಒಯ್ಯಬ್ಯಾಡ್ರಿ. ಗ್ವಾಡಿ ಬೀಳ್ತದ."

ಕಿರಿಯ ತಮ್ಮ ಸಿದ್ಧೇಶ್ವರ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಹೆಣ ಒಳಗೆ ಹೋಯಿತು. ರೇವಣಪ್ಪ ಹೊಸ್ತಿಲ ಆಚೆಯೇ ಉಳಿದ. ಹಳೆ ಊರನ್ನು ಕೆಡವಿದ ಭೂಕಂಪದ ನಂತರ ಅವನು ಯಾವ ಸೂರಿನ ಕೆಳಗೂ ಕಾಲಿಟ್ಟವನಲ್ಲ. ಅಲ್ಲೇ ನಿಂತು, ಅಕ್ಕಾ ಹೊರಗ ಬಾ, ಹೊರಗ ಬಾ ಎಂದು ಮೆಲ್ಲಗೆ ಕರೆಯತೊಡಗಿದ.

ಬೆಳಗ್ಗೆ ನೀರು ತುಂಬಿಟ್ಟು ಹೊರಸಿನ ಮೇಲೆ ಕೂತ ಕಸ್ತೂರಬಾಯಿ ಹಾಗೇ ಒರಗಿದ್ದಳು. ನೆರೆಯವರು ನೋಡುವ ತನಕ ರೇವಣಪ್ಪ ಅವಳ ಪಕ್ಕದಲ್ಲಿ ಕೂತು ಹಸಿವೆ ಎನ್ನುತ್ತಿದ್ದನಂತೆ. ಸುದ್ದಿ ತಿಳಿದ ಸಿದ್ಧೇಶ್ವರ ಉಮರ್ಗಾದ ತನ್ನ ಟೈರಿನ ಅಂಗಡಿಗೆ ಬೀಗ ಹಾಕಿ, ಹೆಂಡತಿ ಜಯಮಾಲಾಳನ್ನು ಕೂರಿಸಿಕೊಂಡು ಮೋಟಾರ್‌ಸೈಕಲ್ ಮೇಲೆ ಸಾಸ್ತೂರಿಗೆ ಬಂದಿದ್ದ. ಹೊರಡುವ ಮೊದಲು ಲಾತೂರಿನ ಕಡೆಯ ಒಂದು ಆಶ್ರಮಕ್ಕೆ ಫೋನ್ ಮಾಡಿದ್ದ. ಬುದ್ಧಿ ನೆಟ್ಟಗಿಲ್ಲದವರನ್ನು ಇಟ್ಟುಕೊಳ್ಳುವ, ಸರ್ಕಾರದಲ್ಲಿ ನೋಂದಣಿಯಾದ ಜಾಗ. ಸಂಜೆಗೆ ಗಾಡಿ ಕಳಿಸುತ್ತೇವೆ ಎಂದಿದ್ದರು.

ಹೆಂಗಸರು ಕಸ್ತೂರಬಾಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ತಲೆ ಬಾಗದಂತೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿದರು. ಜಯಮಾಲಾ ಗಂಡನನ್ನು ಮೂಲೆಗೆ ಕರೆದಳು.

"ಮಣ್ಣಿಗೆ ನಿಮ್ಮ ಅಣ್ಣಾರನ್ನ ಒಯ್ಯಬ್ಯಾಡ್ರಿ. ಕುಣಿ ನೋಡಿದ್ರ ಬಿಡೂದಿಲ್ಲ ಅವರು. ಅಷ್ಟೊತ್ತು ಇದೇ ಖೋಲ್ಯಾಗ ಹಾಕಿ ಕೀಲಿ ಹಾಕೂಣು."

ಸಿದ್ಧೇಶ್ವರ ಬೀಗ ಹುಡುಕಿದ. ಆ ಮನೆಯಲ್ಲಿ ಬೀಗ ಇರಲಿಲ್ಲ. ನೆರೆಮನೆಯಿಂದ ತಂದರು.

*

ಭೂಕಂಪದ ರಾತ್ರಿ ರೇವಣಪ್ಪ ಜೋಳದ ಹೊಲ ಕಾಯಲು ಹೋಗಿದ್ದ. ಬೆಳಗಾಗುವ ಮೊದಲೇ ಊರಿನ ಕಲ್ಲುಮಣ್ಣಿನ ಮನೆಗಳೆಲ್ಲ ನೆಲಕ್ಕೆ ಕುಸಿದಿದ್ದವು. ಹೆಂಡತಿಯನ್ನೂ ಎರಡು ಮಕ್ಕಳನ್ನೂ ಅವನು ಕೈಯಿಂದಲೇ ಅಗೆದು ತೆಗೆದ. ಮೂವರೂ ಮುಗಿದಿದ್ದರು. ಆಮೇಲೂ ಅವನು ಅಗೆಯುವುದು ನಿಲ್ಲಿಸಲಿಲ್ಲ.

ಕಸ್ತೂರಬಾಯಿ ಉದಗೀರಿನಿಂದ ತಮ್ಮಂದಿರನ್ನು ಮಾತಾಡಿಸಿ ಹೋಗಲು ಬಂದವಳು. ಅವಳ ಗಂಡ ವೀರಭದ್ರ ಅಲ್ಲಿ ಟೇಲರ್. ಹಬ್ಬ ಮುಗಿಸಿ ಬರ್ತೀನಿ ಎಂದು ಅವನಿಗೆ ಹೇಳಿ ಕಳಿಸಿದಳು. ಸಿದ್ಧೇಶ್ವರ ಆಗಿನ್ನೂ ಶಾಲೆಯ ಹುಡುಗ. ಸರ್ಕಾರ ಹೊಸ ಊರು ಕಟ್ಟಿ ಹೊಸ ಮನೆ ಕೊಟ್ಟಿತು. ರೇವಣಪ್ಪ ಅದರ ಅಂಗಳದಲ್ಲೇ ಕೂತ. ಕಣ್ಣು ತಪ್ಪಿದರೆ ಹಳೆ ಊರಿನ ಕಲ್ಲುಗುಡ್ಡೆಗೆ ಹೋಗಿ ಉಗುರು ಕಿತ್ತುಹೋಗುವಂತೆ ಅಗೆಯುತ್ತಿದ್ದ. ಅದಕ್ಕೇ ಕಸ್ತೂರಬಾಯಿಯೂ ಹೊರಸನ್ನು ಹೊರಗೆ ಹಾಕಿದಳು. ಮಳೆಗಾಲದಲ್ಲಿ ಗೋಡೆಯಿಲ್ಲದ ನಾಲ್ಕು ಗಳಗಳ ಮೇಲೆ ತಾಡಪತ್ರಿ ಕಟ್ಟಿದಳು. ಅದೊಂದನ್ನು ಅವನು ಸೂರೆಂದು ಎಣಿಸಲಿಲ್ಲ.

ವೀರಭದ್ರ ಹೊಲಿಗೆ ಯಂತ್ರ ಹೊತ್ತು ಸಾಸ್ತೂರಿಗೇ ಬಂದು ನೋಡಿದ. ಆದರೆ ಉದಗೀರಿನಲ್ಲಿ ಅವನ ತಾಯಿ ಪಾರ್ಶ್ವವಾಯು ಬಡಿದು ಮಲಗಿದ್ದಳು. ಅವಳನ್ನು ತಿರುಗಿಸಿ ಮಲಗಿಸಲೂ ಇನ್ನೊಬ್ಬರು ಬೇಕಿತ್ತು. ಅವನು ಮರಳಿದ. ಬೇರೆ ಲಗ್ನ ಆಗು ಎಂದು ಅವಳೇ ಹೇಳಿದ್ದಳಂತೆ. ಅವನು ಆಗಲಿಲ್ಲ. ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ ಬಂದು ಅಂಗಳದಲ್ಲಿ ಉಂಡು ಹೋಗುತ್ತಿದ್ದ.

*

ಮಧ್ಯಾಹ್ನದ ಬಸ್ಸಿಗೆ ವೀರಭದ್ರ ಬಂದ. ಬಗಲಲ್ಲಿ ಒಂದು ಗಂಟು. ಅದರಲ್ಲಿ ಹಸಿರು ಸೀರೆಯೂ ಕುಪ್ಪಸವೂ ಇದ್ದವು. ಪಂಚಮಿಗೆಂದು ಹೊಲಿದಿಟ್ಟಿದ್ದೆ ಎಂದ. ಜಯಮಾಲಾ ಕುಪ್ಪಸ ತೊಡಿಸಿದಾಗ ತೋಳು ಜೋತುಬಿತ್ತು. ಅದು ಕಸ್ತೂರಬಾಯಿ ಉದಗೀರಿನಲ್ಲಿದ್ದಾಗಿನ ಅಳತೆ. ಆಮೇಲೆ ಅವಳು ಇಷ್ಟು ಇಳಿದಿದ್ದಳೆಂದು ಸೀರೆಯ ಸೆರಗಿನೊಳಗೆ ಯಾರಿಗೂ ಕಂಡಿರಲಿಲ್ಲ.

ವೀರಭದ್ರ ಸೂಜಿ ಕೇಳಿದ. ಹೆಂಡತಿಯ ಪಕ್ಕದಲ್ಲಿ ಕೂತು, ತಣ್ಣಗಿನ ತೋಳನ್ನು ಎತ್ತಿ ಎತ್ತಿ, ಎರಡೂ ಕಡೆ ಹೊಲಿಗೆ ಹಿಡಿದ. ಹೆಂಗಸರು ಗೋಡೆಯ ಕಡೆ ತಿರುಗಿ ಕೂತರು.

*

ಉಮರ್ಗಾದ ಹೊರಗೆ ಹೆದ್ದಾರಿಯ ಬದಿ ಶೇವಂತಾಬಾಯಿ ಎಂಬ ನಿವೃತ್ತ ನರ್ಸ್ ಒಂದು ಆಸರೆ ನಡೆಸುತ್ತಿದ್ದಳು. ಹುಣಸೆಮರಗಳ ನಡುವೆ ತಗಡಿನ ಚಪ್ಪರ, ಸುತ್ತ ಬೇಲಿ. ಗೋಡೆಗಳಿರಲಿಲ್ಲ. ಭೂಕಂಪವಾಗಿ ಹಲವು ವರ್ಷಗಳ ಮೇಲೆ ಸಿದ್ಧೇಶ್ವರ ಅದನ್ನು ಹುಡುಕಿ ಅಣ್ಣನನ್ನು ಕರೆದೊಯ್ದಾಗ ರೇವಣಪ್ಪ ಮರದ ಕೆಳಗೆ ಉಳಿಯಲು ಒಪ್ಪಿಕೊಂಡ. ವೀರಭದ್ರನ ತಾಯಿ ಆಗ ತೀರಿಕೊಂಡಿದ್ದಳು. ಕಸ್ತೂರಬಾಯಿ ಬಟ್ಟೆ ಗಂಟು ಕಟ್ಟಿಕೊಂಡು ಗಂಡನ ಮನೆಗೆ ಹೋದಳು. ತಲೆಗೂದಲು ಅರ್ಧ ನರೆತಿತ್ತು.

ಮೊದಮೊದಲು ಅವಳಿಗೇ ಸೂರಿನ ಕೆಳಗೆ ನಿದ್ದೆ ಬರುತ್ತಿರಲಿಲ್ಲ. ಎದ್ದು ಬಂದು ಕಟ್ಟೆಯ ಮೇಲೆ ಮಲಗುತ್ತಿದ್ದಳು. ಮೆಲ್ಲಮೆಲ್ಲಗೆ ಹೊತ್ತೇರುವ ತನಕ ನಿದ್ದೆ ಮಾಡುವುದು ರೂಢಿಯಾಯಿತು. ಅವಳು ಏಳುವ ತನಕ ವೀರಭದ್ರ ಯಂತ್ರ ತುಳಿಯುತ್ತಿರಲಿಲ್ಲ. ಗಿರಾಕಿಗಳು ಬಂದರೆ ಸನ್ನೆ ಮಾಡಿ ಕಳಿಸುತ್ತಿದ್ದ. ಹಗಲಲ್ಲಿ ಅವಳು ಕುಪ್ಪಸಗಳಿಗೆ ಹುಕ್ಕು ಹಚ್ಚುತ್ತ ಕೂಡುತ್ತಿದ್ದಳು. ಹೀಗೆ ಎರಡು ವರ್ಷ.

ಒಂದು ದಿನ ಅವಳು ತಮ್ಮನಿಗೆ ಉಂಡಿ ಕಟ್ಟಿಕೊಂಡು ಉಮರ್ಗಾಕ್ಕೆ ಹೋದಾಗ ಆಸರೆಗೆ ತಪಾಸಣೆಯವರು ಬಂದಿದ್ದರು. ಬೇರೆ ಯಾವುದೋ ಜಿಲ್ಲೆಯ ಇಂಥದೊಂದು ಜಾಗದಲ್ಲಿ ಅನಾಹುತವಾಗಿ, ಎಲ್ಲ ಕಡೆ ನೋಡುತ್ತಿದ್ದರು. ಶೇವಂತಾಬಾಯಿ ಹಿಂಬದಿಯ ಮರಕ್ಕೆ ಕಟ್ಟಿಡುತ್ತಿದ್ದ ಇಬ್ಬರನ್ನು ಆವೊತ್ತು ಬೇಲಿಯಾಚೆ ಹೊಲಕ್ಕೆ ಕಳಿಸಿದ್ದಳು. ಅಧಿಕಾರಿಣಿ, ಭೇಟಿಗೆ ಬಂದ ಸಂಬಂಧಿಕರನ್ನು ಕರೆದು, ಇಲ್ಲಿ ಯಾರನ್ನಾದರೂ ಸರಪಳಿ ಹಾಕಿ ಇಡುತ್ತಾರೆಯೇ ಎಂದು ಕೇಳಿದಳು. ಎಲ್ಲರೂ ಇಲ್ಲ ಎಂದರು. ಕಸ್ತೂರಬಾಯಿ ಉಂಡಿಯ ಗಂಟನ್ನು ಕೆಳಗಿಟ್ಟು, ಹೌದು, ಇಬ್ಬರಿಗೆ ಎಂದಳು.

ಆಸರೆ ಮುಚ್ಚಿತು. ಗೋಡೆ, ಖೋಲಿ, ಡಾಕ್ಟರು ಇದ್ದ ಕಡೆಗೇ ಮಂದಿಯನ್ನು ಇಡಬೇಕೆಂಬ ನಿಯಮ. ರೇವಣಪ್ಪನನ್ನು ಲಾತೂರಿನ ಕಡೆಯ ಆ ನೋಂದಣಿಯಾದ ಆಶ್ರಮಕ್ಕೆ ಒಯ್ದರು. ಸ್ವಚ್ಛ ಹಾಸಿಗೆ, ಹೊತ್ತಿಗೆ ಸರಿಯಾಗಿ ಔಷಧ. ಅವನು ಗೋಡೆಗೆ ತಲೆ ಬಡಿದುಕೊಂಡ. ವಾರದೊಳಗೆ ಕಸ್ತೂರಬಾಯಿಗೆ, ಬಂದು ಕರೆದೊಯ್ಯಿರಿ ಎಂದು ಫೋನ್ ಬಂತು.

ಉದಗೀರಿನ ಕಟ್ಟೆಯ ಮೇಲೆ ನಿಂತು ವೀರಭದ್ರ ಕೇಳಿದ್ದ: "ಇಲ್ಲ ಅಂದಿದ್ರ ಆಗ್ತಿತ್ತಲ್ಲ. ಯಾಕ ಹೇಳಿದಿ?"

"ಸರಪಳಿ ಕೊರೆದು ಅವರ ಕಾಲಾಗ ಹುಳ ಬಿದ್ದಿದ್ದವು," ಎಂದಳು ಅವಳು. "ನಾ ಕಣ್ಣಾರೆ ನೋಡಿದ್ದೆ." ಆಮೇಲೆ ಸಾಸ್ತೂರಿಗೆಂದು ಕಟ್ಟಿದ ಗಂಟು ಎತ್ತಿಕೊಂಡಳು.

*

ಹೊಲದಲ್ಲಿ ಕುಣಿ ಸಿದ್ಧವಾಗಿದೆ ಎಂದು ಸುದ್ದಿ ಬಂತು. ಹೆಣ ಹೊರಗೆ ಬಂದದ್ದೇ ರೇವಣಪ್ಪ ಕರೆಯುವುದನ್ನು ನಿಲ್ಲಿಸಿ ಅದರ ಹಿಂದೆ ಹೊರಟ. ಸಿದ್ಧೇಶ್ವರ ಬೀಗ ಹಿಡಿದು ಅಡ್ಡ ಬಂದ. ಇಬ್ಬರು ಗಂಡಾಳುಗಳು ರೇವಣಪ್ಪನ ರಟ್ಟೆಗೆ ಕೈ ಹಾಕಿದರು.

"ಬಿಡ್ರಿ," ಎಂದ ವೀರಭದ್ರ. "ಆಕಿ ಎಂದೂ ಅಂವನ್ನ ಕೂಡಿಹಾಕಲಿಲ್ಲ. ಇವತ್ತೂ ಬ್ಯಾಡ. ನಾ ಹಿಡ್ಕೋತೀನಿ."

"ನಿಮ್ಮ ಕೈಲಿ ಆಗೂದಿಲ್ಲ ಭಾವ."

"ಆಗದಿದ್ರ ಆಮ್ಯಾಗ ನೋಡೂಣು."

ಅವನು ರೇವಣಪ್ಪನ ಮಣಿಕಟ್ಟು ಹಿಡಿದು ನಡೆದ. ತೊಗರಿ ಸಾಲುಗಳ ಅಂಚಿಗೆ ಕುಣಿ. ಅದರ ಒಂದು ಮಗ್ಗುಲಿಗೆ ಕೊರೆದ ಗೂಡಿನಲ್ಲಿ ಕಸ್ತೂರಬಾಯಿಯನ್ನು ಕೂರಿಸಿದರು. ಅಯ್ಯನವರು ಮಂತ್ರ ಹೇಳಿದರು. ವಿಭೂತಿ, ಪತ್ರಿ, ಉಪ್ಪು ಬಿದ್ದವು. ಅಷ್ಟು ಹೊತ್ತೂ ರೇವಣಪ್ಪ ನೋಡುತ್ತ ನಿಂತಿದ್ದ. ಮೊದಲ ಬುಟ್ಟಿ ಮಣ್ಣು ಬಿದ್ದಾಗ ಮುಂದಕ್ಕೆ ಹಾರಿದ. ವೀರಭದ್ರ ನಡು ತಬ್ಬಿದ. ಇಬ್ಬರು ಮುದುಕರೂ ಹೆಂಟೆಗಳ ಮೇಲೆ ಉರುಳಿದರು.

"ತಡೀರಿ," ಎಂದ ರೇವಣಪ್ಪ, ನೆಲದಿಂದಲೇ. "ಒಳಗ ಇನ್ನಾ ಉಸಿರಿರ್ತದ. ತಡ ಮಾಡಿದ್ರ ಹೋಗ್ತದ."

ಬುಟ್ಟಿ ಹಿಡಿದವರು ಹಾಗೇ ನಿಂತರು. ಆ ಊರಿನಲ್ಲಿ ಎಲ್ಲರೂ ಒಮ್ಮೆ ಹಾಗೆ ಅಗೆದವರೇ.

ವೀರಭದ್ರ ಅವನ ಕಿವಿಯ ಹತ್ತಿರ ಬಾಯಿ ತಂದ. "ಇಲ್ಲ ರೇವಣಾ. ನಾ ಕೈ ಹಿಡಿದು ನೋಡೀನಿ. ಇಲ್ಲ."

ರೇವಣಪ್ಪ ಒದ್ದಾಡುವುದನ್ನು ಬಿಟ್ಟ. ಮಣ್ಣು ಬೀಳತೊಡಗಿತು.

*

ಆಶ್ರಮದ ಗಾಡಿ ಹೊತ್ತು ಇಳಿಯುವಾಗ ಬಂತು. ಅದರಿಂದಿಳಿದ ವೈಷ್ಣವಿ ಎಂಬ ಹುಡುಗಿ ರೇವಣಪ್ಪನ ಎದುರು ಕುಕ್ಕರಗಾಲಲ್ಲಿ ಕೂತು, ಕಾಕಾ ನಮ್ಮ ಜೊತೆ ಬರ್ತೀರಾ ಎಂದು ಮರಾಠಿಯಲ್ಲಿ ಮೃದುವಾಗಿ ಕೇಳಿದಳು.

"ಒಲ್ಲೆ," ಎಂದ ರೇವಣಪ್ಪ.

ಮತ್ತೆ ಕೇಳಿದಳು. ಅದೇ ಉತ್ತರ. ಅವಳು ಎದ್ದು ಸಿದ್ಧೇಶ್ವರನಿಗೆ ತಿಳಿಸಿ ಹೇಳಿದಳು. ಮುಂಚಿನಂತೆ ಹೊತ್ತು ಹಾಕಿಕೊಂಡು ಹೋಗುವ ಕಾಲ ಈಗಿಲ್ಲ. ಹೊಸ ಕಾಯ್ದೆಯಲ್ಲಿ ಅವರ ಮಾತಿಗೆ ಬೆಲೆಯಿದೆ. ಜೀವಕ್ಕೆ ಅಪಾಯ ಎಂದು ಡಾಕ್ಟರು ಬರೆದರೆ ಕೆಲವು ದಿನದ ಮಟ್ಟಿಗೆ ಸೇರಿಸಿಕೊಳ್ಳಬಹುದು, ಆಮೇಲೆ ಮತ್ತೆ ಮನೆಗೇ.

"ಅಂವಾ ಒಲ್ಲೆ ಅಂದ್ರ ಕೇಳ್ತೀರಿ," ಎಂದ ಸಿದ್ಧೇಶ್ವರ. "ನಮ್ಮಕ್ಕನ್ನ ಯಾರರ ಕೇಳಿದ್ರೇನು?"

ಹುಡುಗಿ ಹೋಗಿ ಗಾಡಿ ಹತ್ತಿದಳು. ಗಾಡಿ ಖಾಲಿಯಾಗಿ ಮರಳಿತು.

ಉಮರ್ಗಾದ ಮನೆ ಅಂಗಡಿಯ ಮಾಳಿಗೆಯ ಮೇಲಿದೆ, ಹೊರಗೆ ಕೂಡಲು ಗೇಣು ಜಾಗವಿಲ್ಲ ಎಂದು ಜಯಮಾಲಾ ಯಾರನ್ನೂ ನೋಡದೆ ಹೇಳಿದಳು. ನೆರೆಯವರು ಬುಟ್ಟಿ-ಸನಿಕೆ ತಗೊಂಡು ತಮ್ಮ ತಮ್ಮ ಮನೆಗೆ ಹೋದರು. ನಿಲಂಗಾದ ಮೂಲಕ ಉದಗೀರಿಗೆ ಹೋಗುವ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಸಿದ್ಧೇಶ್ವರ ಮೋಟಾರ್‌ಸೈಕಲ್ ಚಾಲು ಮಾಡಿದ.

"ಕೂಡ್ರಿ ಭಾವ. ಬಸ್ಸು ನಿಲ್ಲೂ ಫಾಟ್ಯಾದ ತನಕ ಬಿಟ್ಟು ಬರ್ತೀನಿ."

ವೀರಭದ್ರ ಏಳಲು ಹೋದ. ಹೊಲದಿಂದ ಬಂದಾಗಿನಿಂದ ರೇವಣಪ್ಪನ ಮಣಿಕಟ್ಟನ್ನು ಅವನು ಹಿಡಿದೇ ಕೂತಿದ್ದ, ಬೆರಳುಗಳು ಮರಗಟ್ಟಿದ್ದವು. ಒಂದೊಂದಾಗಿ ಸಡಿಲಿಸಿ ಕೈ ಬಿಟ್ಟ. ಕೈ ಬರಲಿಲ್ಲ. ನೋಡಿದರೆ, ರೇವಣಪ್ಪನ ಮಣ್ಣು ಮೆತ್ತಿದ ಬೆರಳುಗಳು ಅವನ ಮಣಿಕಟ್ಟನ್ನು ಸುತ್ತಿಕೊಂಡಿದ್ದವು.

ಮೋಟಾರ್‌ಸೈಕಲ್ ಸದ್ದು ಮಾಡುತ್ತ ಕಾಯುತ್ತಿತ್ತು.